ಖಾಸಗಿ ಅಭ್ಯರ್ಥಿಗಳ ಮೇಷ್ಟ್ರು

ನಮ್ಮ ಪಕ್ಕದ ಮನೆಯ ಜಯಸಿಂಹ ಮೇಷ್ಟ್ರಿಗೆ ಕೆಂಪು ಪೆನ್ನಿಲ್ಲದೆ ಕೈಯೇ ಆಡುವುದಿಲ್ಲ. ಯಶವಂತಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪಾಠ ಹೇಗೆ ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ, ಅವರ ಶಿಷ್ಯರು ಸಿಕ್ಕಾಗ ಆ ವಿಷಯ ಎತ್ತುವುದಿಲ್ಲ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವುದರಲ್ಲಿ ಮಾತ್ರ ಅವರದು ದೊಡ್ಡ ಹೆಸರು. ಉಳಿದ ಮೇಷ್ಟ್ರುಗಳು ಏಪ್ರಿಲ್ ಬಿಸಿಲನ್ನು ಬೈದುಕೊಂಡು ಮೌಲ್ಯಮಾಪನಕ್ಕೆ ಹೋದರೆ ಇವರು ಇಸ್ತ್ರಿ ಅಂಗಿ ತೊಟ್ಟು, ಜೇಬಿನಲ್ಲಿ ಕೆಂಪು ಪೆನ್ನು ಸಾಲಾಗಿ ಸಿಕ್ಕಿಸಿಕೊಂಡು, ಮದುವೆಗೆ ಹೋಗುವವರ ಹಾಗೆ ಹೊರಡುತ್ತಿದ್ದರು.

ತಿದ್ದುವುದರಲ್ಲಿ ಅವರಿಗೆ ಎರಡು ನಿಯಮ. ಮೊದಲನೆಯದು, ಪೂರ್ತಿ ಅಂಕ ಯಾರಿಗೂ ಇಲ್ಲ. ಉತ್ತರ ಎಷ್ಟೇ ಸರಿಯಿದ್ದರೂ ಎಲ್ಲಾದರೂ ಒಂದು ಅರ್ಧ ಅಂಕ ಕತ್ತರಿಸಿಯೇ ತೀರುವರು. ಪೂರ್ತಿ ಕೊಟ್ಟುಬಿಟ್ಟರೆ ಆ ಮಗು ಮುಂದೆ ಯಾಕೆ ಓದುತ್ತೆ ಎನ್ನುವುದು ಅವರ ವಾದ. ಎರಡನೆಯ ನಿಯಮ ಇನ್ನೂ ಕಟ್ಟುನಿಟ್ಟು. ನನ್ನ ಹತ್ತಿರದ ಸಂಬಂಧಿಕರು ಯಾರೂ ಈ ಸಲ ಪರೀಕ್ಷೆ ಬರೆದಿಲ್ಲ ಎಂದು ಪೇಪರ್ ತಿದ್ದುವವರು ಮೊದಲೇ ಬರೆದುಕೊಡಬೇಕಂತೆ. ಹೆಂಡತಿಯ ಅಣ್ಣನ ಮಗಳು ಭಾವನಾ ಪರೀಕ್ಷೆಗೆ ಕೂತ ವರ್ಷ ಮೇಷ್ಟ್ರು ಹಾಗೆ ಬರೆದುಕೊಡಲು ಒಪ್ಪಲಿಲ್ಲ. ಅವಳು ಬರೆದದ್ದು ಬೇರೆ ಜಿಲ್ಲೆಯಲ್ಲಿ, ಅವಳ ಪೇಪರ್ ಇವರ ಕೈಗೆ ಬರುವ ಸಂಭವವೇ ಇರಲಿಲ್ಲ, ಆದರೂ ಇಡೀ ಏಪ್ರಿಲ್ ಮನೆಯಲ್ಲೇ ಉಳಿದರು. ಆ ತಿಂಗಳು ಅಡುಗೆಮನೆಯ ಡಬ್ಬಗಳ ಮೇಲಿನ ಚೀಟಿಗಳನ್ನೆಲ್ಲ ತಿದ್ದಿದರು ಎಂದು ಅವರ ಹೆಂಡತಿ ಪುಟ್ಟಲಕ್ಷ್ಮಿ ಈಗಲೂ ನೆನೆಸಿಕೊಂಡು ತಲೆ ಚಚ್ಚಿಕೊಳ್ಳುತ್ತಾಳೆ.

ನಿವೃತ್ತಿಯಾದ ಮೇಲೆ ಪೇಪರ್ ಬರುವುದು ನಿಂತಿತು, ತುರಿಕೆ ನಿಲ್ಲಲಿಲ್ಲ. ಮದುವೆಯ ಕರೆಯೋಲೆ ಬಂದರೆ ತಿದ್ದಿ ಟೀವಿ ಪಕ್ಕ ಇಡುವರು. ಹೋಟೆಲಿನಲ್ಲಿ ತಿಂಡಿಯ ಪಟ್ಟಿಗೆ ಅಡ್ಡಗೆರೆ ಎಳೆದು ಮಾಣಿಯ ಕೈಲಿ ಬೈಸಿಕೊಂಡಿದ್ದೂ ಆಯಿತು. ಒಂದು ಸಂಕ್ರಾಂತಿಗೆ ನಾನು ಸೊಂಟ ಮುರಿದುಕೊಂಡು ಹಾಕಿದ್ದ ರಂಗೋಲಿಯನ್ನು ಕಾಂಪೌಂಡಿನ ಆಚೆಯಿಂದ ನೋಡಿ, "ಎಡಗಡೆ ಎಲೆ ಸ್ವಲ್ಪ ದಪ್ಪ ಆಯ್ತು, ಅರ್ಧ ಹೋಯ್ತು ಸಂಯುಕ್ತಾ ಅವ್ರೇ" ಎಂದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದವಳು ನಾನು. ಯುಗಾದಿಯವರೆಗೆ ಅವರ ಜೊತೆ ಮಾತು ಬಿಟ್ಟಿದ್ದೆ.

ಇಂಥ ಮನುಷ್ಯನನ್ನು ಬದುಕಿಸಿದವನು ಅವರ ಮಹಡಿಮನೆಯ ಬಾಡಿಗೆದಾರ ಅಭಿರಾಮ್. ಹಗಲು ಯಾವುದೋ ಆಫೀಸು, ಸಂಜೆಯಾದರೆ ಗಿಟಾರು. ಸದ್ದು ಜಾಸ್ತಿಯಾಯಿತೆಂದು ಒಂದು ದಿನ ಮೇಷ್ಟ್ರು ಬೈಯಲು ಮೆಟ್ಟಿಲು ಹತ್ತಿದರು. ಇಳಿದು ಬರುವಷ್ಟರಲ್ಲಿ ಸಾರು ಎರಡು ಸಲ ಬಿಸಿಯಾಗಿತ್ತು. ಅಭಿರಾಮ್ ಅವರಿಗೆ ಇಂಡೀ ಆಲ್ಬಮ್ ಅಂದರೇನು ಎಂದು ತಿಳಿಸಿ ಹೇಳಿದ್ದ: ಸಿನಿಮಾದವರ ಹಂಗಿಲ್ಲ, ಕಂಪನಿಯ ಹಂಗಿಲ್ಲ, ತಾವೇ ಬರೆದು, ತಾವೇ ಹಾಡಿ, ಮಲಗುವ ಕೋಣೆಯಲ್ಲೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಬಿಡುವುದು.

ಮೇಷ್ಟ್ರು ಯೋಚಿಸಿ, "ಅಂದ್ರೆ ಸ್ಕೂಲಿಗೆ ಸೇರದೆ ನೇರವಾಗಿ ಪರೀಕ್ಷೆಗೆ ಕೂತೋರು. ಖಾಸಗಿ ಅಭ್ಯರ್ಥಿಗಳು" ಎಂದರಂತೆ.

"ಒಂಥರಾ ಹಂಗೇ ಸಾರ್."

"ಇವರಿಗೆ ನಂಬರ್ ಯಾರು ಹಾಕ್ತಾರೆ?"

"ಯಾರೂ ಇಲ್ಲ ಸಾರ್. ಫ್ರೆಂಡ್ಸ್ ಹಾರ್ಟ್ ಹಾಕ್ತಾರೆ."

ಖಾಸಗಿ ಅಭ್ಯರ್ಥಿಗಳ ಬಗ್ಗೆ ಮೇಷ್ಟ್ರಿಗೆ ಮೊದಲಿನಿಂದಲೂ ಮರುಕ. ಪಾಪ, ಯಾವ ಮೇಷ್ಟ್ರ ಆಸರೆಯೂ ಇಲ್ಲದೆ ಬರೆಯುವವರು. ಅವರನ್ನು ಬರೀ ಹಾರ್ಟಿನ ಮೇಲೆ ಬಿಡುವುದು ಜಯಸಿಂಹ ಮೇಷ್ಟ್ರಿಗೆ ಅನ್ಯಾಯವಾಗಿ ಕಂಡಿತು. ಅದೇ ವಾರ ಮೌಲ್ಯಮಾಪನದ ಮಾದರಿ ತಯಾರಾಯಿತು: ಸಾಹಿತ್ಯಕ್ಕೆ ಇಪ್ಪತ್ತೈದು, ರಾಗಕ್ಕೆ ಇಪ್ಪತ್ತೈದು, ಲಯಕ್ಕೆ ಇಪ್ಪತ್ತು, ದನಿಗೆ ಇಪ್ಪತ್ತು, ಅಚ್ಚುಕಟ್ಟಿಗೆ ಹತ್ತು. ಅಂದಿನಿಂದ ಪ್ರತಿ ವರ್ಷ ಡಿಸೆಂಬರಿನ ಕೊನೆಯ ಶನಿವಾರ ಬೆಳಿಗ್ಗೆ, ಅಟ್ಟೂರು ಕೆರೆಯ ವಾಕಿಂಗ್ ದಾರಿಯ ಕಲ್ಲುಬೆಂಚಿನ ಮೇಲೆ ಕೂತು, ಆ ವರ್ಷದ ಮೆಚ್ಚಿನ ಹತ್ತು ಆಲ್ಬಮ್‌ಗಳನ್ನು ಹತ್ತರಿಂದ ಒಂದಕ್ಕೆ ಘೋಷಿಸುವುದು ರೂಢಿಯಾಯಿತು.

ಮೊದಲ ವರ್ಷ ಕೇಳಿದವರು ನಾವು ನಾಲ್ಕು ಜನ ವಾಕಿಂಗಿನವರು ಮತ್ತು ಒಂದು ನಾಯಿ. ಎರಡನೆಯ ವರ್ಷ ಆರ್.ಟಿ. ನಗರದ ಹಮ್ಜಾ ಎಂಬ ಹುಡುಗನ ತಂಡ ಪ್ರಥಮ ಬಂತು. ಅವರು ಆ ಸಂಭ್ರಮಕ್ಕೆ "ಜಯಸಿಂಹ ಮೇಷ್ಟ್ರ ಪರೀಕ್ಷೆಯಲ್ಲಿ ಫಸ್ಟ್" ಎಂದು ಪೋಸ್ಟರ್ ಹೊಡೆಸಿಬಿಟ್ಟರು. ಅಲ್ಲಿಂದ ನೋಡಿ, ಎಲ್ಲೆಲ್ಲಿಂದಲೋ ಲಿಂಕುಗಳು ಬರತೊಡಗಿದವು. ಹತ್ತರಲ್ಲಿ ಸ್ಥಾನ ಸಿಗದ ಒಬ್ಬಾತ ಮರುಮೌಲ್ಯಮಾಪನ ಮಾಡಿ ಎಂದು ಮನೆಯವರೆಗೂ ಬಂದ. ಮೇಷ್ಟ್ರು ಅವನಿಗೆ ಕಾಫಿ ಕೊಟ್ಟು, "ಮರುಮೌಲ್ಯಮಾಪನ ಕೇಳೋದು ಕೈಲಾಗದೋರು ಕಣಪ್ಪ. ಮುಂದಿನ ವರ್ಷ ಚೆನ್ನಾಗಿ ಹಾಡು" ಎಂದು ಕಳಿಸಿದರು.

ಅಭಿರಾಮನ ಆಲ್ಬಮ್‌ಗೂ ರಿಯಾಯಿತಿ ಇರಲಿಲ್ಲ. ಅದೇ ವರ್ಷ ಅವನಿಗೆ ಎಂಟನೇ ಸ್ಥಾನ. ಬಾಡಿಗೆದಾರ ಸಂಬಂಧಿಕನಲ್ಲವಲ್ಲ, ನಂಬರ್ ಹಾಕಲು ಅಡ್ಡಿಯಿಲ್ಲ ಎಂದು ಮೇಷ್ಟ್ರೇ ಎಲ್ಲರೆದುರು ಹೇಳಿ, ಕೆಳಗೆ ಇಳಿದದ್ದಕ್ಕೆ ಕಾರಣವನ್ನೂ ವಿವರಿಸಿದರು: "ಎರಡನೇ ಹಾಡಿಗೇ ಅಳೋಕೆ ಶುರು ಮಾಡ್ತಾನೆ. ಕೇಳೋರಿಗೆ ಇನ್ನೂ ಪರಿಚಯವೇ ಆಗಿರಲ್ಲ."

ಈಗ ಪುಟ್ಟಲಕ್ಷ್ಮಿಯ ವಿಷಯಕ್ಕೆ ಬರುತ್ತೇನೆ. ಅವಳು ಹಾಡುತ್ತಾಳೆ. ಕಲಿತದ್ದಲ್ಲ, ಕೈಗೆ ಕೆಲಸ ಬಂದರೆ ಗಂಟಲಿಗೂ ಕೆಲಸ ಬರುತ್ತದೆ, ಅಷ್ಟೆ. ಸೊಪ್ಪು ಬಿಡಿಸುವಾಗ, ಪಾತ್ರೆ ತೊಳೆಯುವಾಗ ಕಾಂಪೌಂಡಿನ ಈಚೆ ನನಗೆ ಕೇಳುತ್ತಿರುತ್ತದೆ, ನಾನು ನನ್ನ ಟೀವಿಯ ಸದ್ದು ತಗ್ಗಿಸುತ್ತೇನೆ. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು, ಗಂಡ ಇದರ ಬಗ್ಗೆ ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ. ಕೈಗೆ ಸಿಕ್ಕಿದ್ದಕ್ಕೆಲ್ಲ ನಂಬರ್ ಹಾಕುವ ಮನುಷ್ಯ ಅವಳ ಹಾಡಿಗೆ ಅರ್ಧ ಅಂಕವನ್ನೂ ಕತ್ತರಿಸಿಲ್ಲ ಅಂದರೆ, ಅದು ಅವರ ಕಿವಿಗೆ ಬಿದ್ದೇ ಇಲ್ಲ ಎಂದು ಅವಳ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ಹೋದ ವರ್ಷ ಮಳೆಗಾಲದಲ್ಲಿ, ತಾರಸಿಯಲ್ಲಿ ಬಟ್ಟೆ ಒಣಹಾಕುತ್ತ ಹಾಡುತ್ತಿದ್ದವಳ ದನಿ ಅಭಿರಾಮನ ಕಿವಿಗೆ ಬಿತ್ತು. ಹೊಸ ಆಲ್ಬಮ್‌ನಲ್ಲಿ ಒಂದು ಹಾಡು ನೀವೇ ಹಾಡಬೇಕು ಎಂದು ಹಟ ಹಿಡಿದ. ಅವಳು ಆಗಲ್ಲ ಅಂದಳು, ಆಮೇಲೆ ನೋಡೋಣ ಅಂದಳು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಎಲ್ಲೂ ತನ್ನ ಹೆಸರು ಹಾಕಬಾರದು.

"ಯಾಕೇ?" ಅಂತ ನಾನು ಕೇಳಿದೆ.

"ಹೆಸರು ಹಾಕಿದ್ರೆ ಓದಿ ತಿಳ್ಕೋತಾರೆ. ಕೇಳಿ ತಿಳ್ಕೋತಾರಾ ಅಂತ ನಾನು ನೋಡ್ಬೇಕು. ನಂಬರ್ ಎಷ್ಟಾದ್ರೂ ಹಾಕ್ಲಿ ಸಂಯುಕ್ತಾ, ಸೊನ್ನೇನೇ ಹಾಕ್ಲಿ. ಇದು ನನ್ನ ಹೆಂಡ್ತಿ ದನಿ ಅಂತ ಗೊತ್ತಾಗತ್ತೋ ಇಲ್ವೋ, ನನಗೆ ಅದೊಂದೇ ಬೇಕಾಗಿರೋದು."

ಅವಳು ತಮಾಷೆಗೆ ಹೇಳಲಿಲ್ಲ. ಹೇಳುವಾಗ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಕಾಫಿ ಕುಡಿದೆ.

ರೆಕಾರ್ಡಿಂಗಿನ ಕಥೆಯೇ ಒಂದು ಹರಿಕಥೆ. ಮೇಷ್ಟ್ರು ವಾಕಿಂಗಿಗೆ ಹೋದ ಸಮಯದಲ್ಲಿ ಅಭಿರಾಮನ ಕೋಣೆಯ ಗೋಡೆಗೆಲ್ಲ ಹಾಸಿಗೆ ಒರಗಿಸಿ, ಮಧ್ಯೆ ಮೈಕು ನಿಲ್ಲಿಸಿ, ಪುಟ್ಟಲಕ್ಷ್ಮಿಯನ್ನು ಕೂರಿಸಿದೆವು. ಅವಳ ಬಾಯಿಂದ ದನಿಯೇ ಹೊರಡಲಿಲ್ಲ. ಖಾಲಿ ಕೈಯಲ್ಲಿ ಅವಳಿಗೆ ಹಾಡಲು ಬರುವುದಿಲ್ಲ ಎಂದು ನನಗೆ ಹೊಳೆಯಿತು. ಕೆಳಗೆ ಓಡಿ ನಮ್ಮ ಮನೆಯ ಹುರುಳಿಕಾಯಿ ತಂದು ಮಡಿಲಿಗೆ ಸುರಿದೆ. ಒಂದೊಂದೇ ಕಾಯಿ ಮುರಿಯುತ್ತಿದ್ದ ಹಾಗೆ ದನಿ ತಾನಾಗಿ ಬಂತು. ಅಷ್ಟರಲ್ಲಿ ವಾಯುನೆಲೆಯ ವಿಮಾನ ಬಂತು. ವಿಮಾನ ಬಂದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು ಯಲಹಂಕ ಉಪನಗರದ ನಮಗೆಲ್ಲ ಅಭ್ಯಾಸ. ಅವಳು ಹಾಡನ್ನೂ ಹಾಗೆಯೇ ನಿಲ್ಲಿಸಿ ಹಾಗೆಯೇ ಎತ್ತಿಕೊಂಡಳು. ಆಲ್ಬಮ್ ಹೊರಗೆ ಬಂದಾಗ, ಆ ಹಾಡಿನ ಹಿಂದೆ ಟಪ್ ಟಪ್ ಅನ್ನುವ ವಾದ್ಯ ಯಾವ ದೇಶದ್ದು ಎಂದು ಹಮ್ಜಾ ಅಭಿರಾಮನನ್ನು ಕೇಳಿದನಂತೆ. ಅದು ಆವತ್ತು ರಾತ್ರಿ ನಮ್ಮನೆಯಲ್ಲಿ ಪಲ್ಯವಾಯಿತು.

ಆಲ್ಬಮ್‌ಗೆ "ತಾರಸಿ" ಎಂದು ಹೆಸರಿಟ್ಟಿದ್ದ. ಪುಟ್ಟಲಕ್ಷ್ಮಿಯದು ನಾಲ್ಕನೇ ಹಾಡು, ಮಾತುಗಳು ಅಭಿರಾಮನವು.

ಡಿಸೆಂಬರ್ ಬಂತು. ಮೇಷ್ಟ್ರು ಮುಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಎದುರಿಗೆ ಕಾಗದ ಇಟ್ಟುಕೊಂಡು ಕೂತರು. "ತಾರಸಿ" ಕೇಳುವ ದಿನ ಇದೇ ಎಂದು ಅಭಿರಾಮ್ ತಿಳಿಸಿದ್ದರಿಂದ ನಾನು ಸಕ್ಕರೆ ಕೇಳುವ ನೆಪದಲ್ಲಿ ಅಲ್ಲಿ ಹಾಜರಿದ್ದೆ. ನಾವಿಬ್ಬರೂ ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿ ನೋಡಿದೆವು. ಎದುರಿಗಿದ್ದ ಫೋನಿನ ಪರದೆಯಲ್ಲಿ ಒಂದು, ಎರಡು, ಮೂರು ಹಾಡು ಮುಗಿಯಿತು, ಪೆನ್ನು ಓಡುತ್ತಿತ್ತು. ನಾಲ್ಕನೆಯದು ಶುರುವಾಯಿತು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಮುಖ ಮಾತ್ರ ಹಿಂದಿನ ಮೂರು ಹಾಡಿಗೆ ಹೇಗಿತ್ತೋ ಹಾಗೆಯೇ ಇತ್ತು. ಹಾಡು ಮುಗಿದ ಮೇಲೆ ಎದ್ದು ಅಡುಗೆಮನೆಗೆ ಬಂದು, ಒಂದು ಲೋಟ ನೀರು ಕುಡಿದು, ಹೆಂಡತಿಯನ್ನು ನೋಡಿ, "ಇವತ್ತು ಸಾರು ಏನು?" ಎಂದರು.

"ಬೇಳೆ" ಎಂದಳು ಪುಟ್ಟಲಕ್ಷ್ಮಿ.

"ಸರಿ" ಎಂದು ಹೋದರು.

ನನಗೆ ಅವರ ತಲೆಯ ಮೇಲೆ ಆ ಲೋಟ ಕುಕ್ಕಬೇಕು ಅನ್ನಿಸಿತು. ಪುಟ್ಟಲಕ್ಷ್ಮಿ ಆವತ್ತಿನಿಂದ ಹಾಡುವುದನ್ನು ನಿಲ್ಲಿಸಿದಳು. ಕಾಂಪೌಂಡಿನ ಆಚೆ ಪಾತ್ರೆಯ ಸದ್ದು ಮಾತ್ರ ಬರುತ್ತಿತ್ತು, ಅದೂ ಬೇಕಾದ್ದಕ್ಕಿಂತ ಜೋರಾಗಿ. ಸಾರಿಗೆ ಒಂದು ದಿನ ಉಪ್ಪಿಲ್ಲ, ಇನ್ನೊಂದು ದಿನ ಉಪ್ಪೇ ಸಾರು. ಮೇಷ್ಟ್ರು ಹೆಂಡತಿಯ ಮುಖ ನೋಡಿ ಸುಮ್ಮನೆ ಉಣ್ಣುತ್ತಿದ್ದರು. ಅದನ್ನೂ ತಿದ್ದಲಿಲ್ಲ ಅಂದಾಗಲೇ ನನಗೆ ಅನುಮಾನ ಬರಬೇಕಾಗಿತ್ತು, ಸಿಟ್ಟಿನಲ್ಲಿ ಬರಲಿಲ್ಲ.

ಫಲಿತಾಂಶದ ಶನಿವಾರ ಕೆರೆಯ ಹತ್ತಿರ ಒಳ್ಳೆಯ ಜನ ಸೇರಿತ್ತು. ಹಮ್ಜಾ ತನ್ನ ತಂಡದೊಂದಿಗೆ ಬಂದಿದ್ದ. ಅಟ್ಟೂರಿನ ಹಳೇ ಮನೆತನದ ಮುನಿಕೃಷ್ಣಪ್ಪ ಪ್ರತಿ ವರ್ಷದಂತೆ ಕಡಲೆಕಾಯಿ ಪೊಟ್ಟಣ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಈ ಹಾಡು ಯಾವುದೂ ಬೇಡ, ಯಾರು ಸೋತರು ಎಂದು ತಿಳಿದರೆ ಸಾಕು. ಪುಟ್ಟಲಕ್ಷ್ಮಿ ಬರುವುದಿಲ್ಲ ಎಂದಿದ್ದವಳು ನನ್ನ ಬಲವಂತಕ್ಕೆ ಬಂದು, ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹತ್ತನೆಯದು "ಓನರ್ ಮೇಲಿದ್ದಾರೆ", ಅದರ ಅಷ್ಟೂ ಹಾಡುಗಳು ಮನೆ ಮಾಲೀಕರ ಮೇಲೆ. "ವಿಷಯ ಚೆನ್ನಾಗಿದೆ, ಆದರೆ ಎಲ್ಲಾ ತಪ್ಪೂ ಮಾಲೀಕರದೇ ಅನ್ನೋದು ಉತ್ತರ ಅಲ್ಲ." ಒಂಬತ್ತನೆಯದು "ಹೆಬ್ಬಾಳ ಆರೂವರೆ", ಫ್ಲೈಓವರಿನ ಕೆಳಗೆ ನಿಂತು ಹಿಡಿದ ಬರೀ ಹಾರನ್ನುಗಳು. "ರಾಗಕ್ಕೆ ಸೊನ್ನೆ. ಸತ್ಯ ಹೇಳಿರೋದಕ್ಕೆ ಸಾಹಿತ್ಯದಲ್ಲಿ ಇಪ್ಪತ್ತು." ಬಾಗಲೂರಿನ ಮುನಿರಾಜು ಎಂಬವನ ರ‍್ಯಾಪ್ ಆಲ್ಬಮ್ ಐದನೆಯದು. "ಇವನು ಉಸಿರು ಯಾವಾಗ ತಗೋತಾನೆ ಅಂತಾನೇ ಗೊತ್ತಾಗಲ್ಲ. ನನಗೆ ಎದೆ ನೋವು ಬಂತು. ಲಯ ಮಾತ್ರ ಗಡಿಯಾರ." ಮೂರನೆಯದು ಬಿಂದುಶ್ರೀ ಎಂಬ ಹುಡುಗಿಯ "ಅಮ್ಮನಿಗೆ ಹೇಳ್ಬೇಡಿ". ಹೇಳಬಾರದ್ದನ್ನೆಲ್ಲ ಹಾಡಿ ಪ್ರಪಂಚಕ್ಕೇ ಕಳಿಸಿದ್ದಾಳೆ, ಅಮ್ಮನೇ ಅದನ್ನು ಮೇಷ್ಟ್ರಿಗೆ ಫಾರ್ವರ್ಡ್ ಮಾಡಿದ್ದರಂತೆ. ಎರಡನೆಯದು ಹಮ್ಜಾ ತಂಡದ "ಉಪ್ಪು ಬಿಸ್ಕತ್ತು". ಹಮ್ಜಾ ತಲೆ ತಗ್ಗಿಸಿದ. ಮೊದಲನೆಯದು ಬ್ಯಾಟರಾಯನಪುರದ ಕೀರ್ತಿಯ "ನಲ್ಲಿ ಬರೋ ದಿನ". "ತೊಂಬತ್ತೊಂದೂವರೆ. ನೀರು ಬರೋಕೆ ಕಾಯೋದನ್ನ ಇಷ್ಟು ಚೆನ್ನಾಗಿ ಯಾರೂ ಹಾಡಿಲ್ಲ. ಅರ್ಧ ಯಾಕೆ ಹೋಯ್ತು ಅಂದ್ರೆ, ಕೊನೇ ಹಾಡಲ್ಲಿ ನೀರು ಬಂದುಬಿಡುತ್ತೆ. ಬರಬಾರದಿತ್ತು."

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಾಗದ ಮಡಚಿದರು. ಹತ್ತರಲ್ಲಿ ಎಲ್ಲಿಯೂ "ತಾರಸಿ" ಇರಲಿಲ್ಲ. ಅಭಿರಾಮನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ಪುಟ್ಟಲಕ್ಷ್ಮಿ ಸರಕ್ಕನೆ ಎದ್ದು, ಯಾರನ್ನೂ ನೋಡದೆ ಚಪ್ಪಲಿ ಹುಡುಕತೊಡಗಿದಳು. ಒಂದು ಸಿಕ್ಕಿತ್ತು, ಇನ್ನೊಂದರ ಮೇಲೆ ಮುನಿಕೃಷ್ಣಪ್ಪ ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಿಮ್ಮ ಮಹಡಿಮನೆ ಹುಡುಗನ ಆಲ್ಬಮ್ ಏನಾಯ್ತು? ಹಾರನ್‌ಗೆ ಒಂಬತ್ತನೇ ಸ್ಥಾನ ಕೊಟ್ರಿ. ಇದಕ್ಕೆ ಕೊನೇ ಪಕ್ಷ ಫೇಲ್ ಅಂತ ಹೇಳೋ ಮರ್ಯಾದೆನೂ ಇಲ್ವಾ?"

"ಅದನ್ನ ತಡೆಹಿಡಿದಿದೀನಿ" ಎಂದರು ಮೇಷ್ಟ್ರು.

"ಇದ್ಯಾಕೆ ಇಂಗೆ ಮೇಷ್ಟ್ರೇ? ಕಾಪಿ ಒಡೆದವ್ನಾ?" ಎಂದು ಮುನಿಕೃಷ್ಣಪ್ಪ ಆಸೆಯಿಂದ ಕೇಳಿದರು.

ಮೇಷ್ಟ್ರಿಗೆ ರೇಗಿತು. "ಕಾಪಿ ಅಲ್ಲ ಕಣ್ರೀ. ಆ ಪೇಪರ್ ನಾನು ಮುಟ್ಟೋಹಾಗಿಲ್ಲ. ಸರ್ವೀಸಿನುದ್ದಕ್ಕೂ ಪಾಲಿಸಿದ ನಿಯಮ, ಈಗ ಬಿಡ್ಲಾ? ಆ ನಾಲ್ಕನೇ ಹಾಡಲ್ಲಿ ಹಾಡಿರೋದು..."

ಸರಿಯಾಗಿ ಆಗ ವಿಮಾನ ಬಂತು. ಒಂದರ ಹಿಂದೆ ಒಂದು, ಎರಡು. ಮೇಷ್ಟ್ರು ಅಭ್ಯಾಸದಂತೆ ಬಾಯಿ ಮುಚ್ಚಿ ಕಾದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತ ಕಾದೆವು. ಪುಟ್ಟಲಕ್ಷ್ಮಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಲ್ಲೇ ನಿಂತಿದ್ದಳು. ಸದ್ದು ಜಕ್ಕೂರಿನ ಕಡೆಗೆ ಕರಗಿತು.

"...ನನ್ನ ಹೆಂಡ್ತಿ" ಎಂದು ಮುಗಿಸಿದರು ಮೇಷ್ಟ್ರು. "ಮೊದಲನೇ ಸಾಲಲ್ಲೇ ಗೊತ್ತಾಯ್ತು. ಪೆನ್ನು ಕೆಳಗಿಟ್ಟೆ. ಸ್ವಂತ ಮನೆಯವರ ಪೇಪರ್‌ಗೆ ನಂಬರ್ ಹಾಕೋಕಾಗತ್ತಾ?"

"ಪೆನ್ನು ಕೆಳಗಿಟ್ಟು ಏನ್ ಮಾಡಿದ್ರಿ ಮತ್ತೆ?" ನಾನು ಇನ್ನೂ ಸಿಟ್ಟಿನಲ್ಲೇ ಕೇಳಿದೆ.

"ಕೇಳ್ದೆ. ನಂಬರ್ ಹಾಕೋಹಾಗಿಲ್ಲ ಅಂದ್ಮೇಲೆ ಇನ್ನೇನು ಮಾಡೋದು, ಕೇಳೋದು. ಆವತ್ತಿಂದ ದಿನಾ ಆ ಹಾಡು ಹಾಕ್ಕೊಂಡು ಕೇಳ್ತಿದೀನಿ."

ಪುಟ್ಟಲಕ್ಷ್ಮಿ ಒಂದೇ ಚಪ್ಪಲಿಯಲ್ಲಿ ಬೆಂಚಿನ ಹತ್ತಿರ ಬಂದಳು. "ರೀ, ಆವತ್ತೇ ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಗೆ?"

"ಫಲಿತಾಂಶಕ್ಕೆ ಮುಂಚೆ ಅಭ್ಯರ್ಥಿ ಜೊತೆ ಪೇಪರ್ ವಿಷಯ ಮಾತಾಡೋಹಾಗಿಲ್ಲ" ಎಂದರು ಮೇಷ್ಟ್ರು, ತಪ್ಪು ಅವಳದೇ ಎನ್ನುವ ಧ್ವನಿಯಲ್ಲಿ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಮುನಿಕೃಷ್ಣಪ್ಪ ಎದ್ದು ಚಪ್ಪಲಿಯ ಧೂಳು ಕೊಡವಿ ಅವಳ ಮುಂದಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಮೇಷ್ಟ್ರ ನಿಷ್ಠೆಯನ್ನು ನಾನೂ ಹೊಗಳಿ ಸುಮ್ಮನಾಗುತ್ತಿದ್ದೆ. ಆದರೆ ನಿಯಮದಲ್ಲಿ ಇನ್ನೊಂದು ಮಾತಿದೆ: ಸಂಬಂಧಿಕರ ಪೇಪರನ್ನು ಬೇರೆ ಮೌಲ್ಯಮಾಪಕರಿಗೆ ಕಳಿಸಬೇಕು. ಮೇಷ್ಟ್ರು "ತಾರಸಿ"ಯನ್ನು ಬ್ಯಾಟರಾಯನಪುರದಲ್ಲಿರುವ ತಮ್ಮ ಹಳೆಯ ಸಹೋದ್ಯೋಗಿ ವಿಜಯ್ ಕುಮಾರ್ ಅವರಿಗೆ ಕಳಿಸಿದ್ದರು. ಸಂಕ್ರಾಂತಿಯ ಹಿಂದಿನ ದಿನ ಅವರಿಂದ ಅಂಕ ಬಂತು: ಒಟ್ಟು ಐವತ್ತೆಂಟು. ದನಿಗೆ ಇಪ್ಪತ್ತಕ್ಕೆ ಹನ್ನೊಂದು. ಕಾರಣ, ಹಿಂದೆ ಯಾರೋ ತರಕಾರಿ ಮುರಿಯುತ್ತಿರುವ ಸದ್ದು ಬರುತ್ತಿದೆ.

ನಾನಾಗ ಎಳ್ಳುಬೆಲ್ಲ ಬೆರೆಸಲು ಅವರ ಮನೆಯ ಹಜಾರದಲ್ಲಿ ಕೂತಿದ್ದೆ. ಪುಟ್ಟಲಕ್ಷ್ಮಿ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತ ಹಾಡಿಕೊಳ್ಳುತ್ತಿದ್ದಳು. ಮರುಮೌಲ್ಯಮಾಪನ ಕೇಳುವವರು ಕೈಲಾಗದವರು ಎಂದಿದ್ದ ಮನುಷ್ಯ ಫೋನು ಕೈಗೆತ್ತಿಕೊಂಡು ನಿಂತೇ ಶುರು ಮಾಡಿದರು.

"ವಿಜಯ್ ಕುಮಾರ್, ನಾನು ಮರುಮೌಲ್ಯಮಾಪನ ಕೇಳ್ತಿದೀನಿ. ಹೌದು, ನಾನೇ. ಫೋನಿನ ಸ್ಪೀಕರಲ್ಲಿ ಒಂದ್ಸಲ ಕೇಳಿ ಹನ್ನೊಂದು ಹಾಕ್ತೀಯಾ? ಈ ದನೀನ ನಾನು ಮದುವೆಯಾದಾಗಿನಿಂದ ಕೇಳ್ತಿದೀನಿ ಕಣಯ್ಯಾ. ಅವಳು ಸೊಪ್ಪು ಬಿಡಿಸುವಾಗ ನಾನು ಪೇಪರ್ ತಿದ್ದೋದು ನಿಲ್ಲಿಸಿ ಕೂತ್ಕೊಳ್ತಿದ್ದೆ. ಆ ಸಮಯದಲ್ಲಿ ತಿದ್ದಿದ್ರೆ ಎಲ್ಲಾ ಮಕ್ಕಳಿಗೂ ಜಾಸ್ತಿ ನಂಬರ್ ಹೋಗಿಬಿಡ್ತಿತ್ತು. ನಾನು ಪರೀಕ್ಷಕ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ, ಈಗ ಅಭ್ಯರ್ಥಿ ಕಡೆಯವನು, ಹೇಳ್ತೀನಿ. ಇಪ್ಪತ್ತಕ್ಕೆ ಹತ್ತೊಂಬತ್ತೂವರೆ ಹಾಕ್ಬೇಕು. ಕಮ್ಮಿ ಹಾಕಿದ್ರೆ ನಾನು ಬಸ್ಸು ಹತ್ತಿ ಅಲ್ಲಿಗೇ ಬರ್ತೀನಿ."

ಅಡುಗೆಮನೆಯಲ್ಲಿ ಟಪ್ ಟಪ್ ನಿಂತಿತ್ತು, ಹಾಡೂ ನಿಂತಿತ್ತು. ಪುಟ್ಟಲಕ್ಷ್ಮಿ ಕೈಯಲ್ಲಿ ಅರ್ಧ ಮುರಿದ ಹುರುಳಿಕಾಯಿ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಒದ್ದೆಯಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಹತ್ತೊಂಬತ್ತೂವರೆ ಅಂದ್ರಲ್ಲ, ಆ ಅರ್ಧ ಯಾಕೆ ಹೋಯ್ತು?"

ಮೇಷ್ಟ್ರು ಫೋನನ್ನು ಎದೆಗೆ ಒತ್ತಿ ಹಿಡಿದರು. "ಸಾಲಿನ ಕೊನೇಲಿ ಉಸಿರು ಬಿಟ್ಬಿಡ್ತೀಯ. ಯಾವ ಹಾಡಾದ್ರೂ ಅಷ್ಟೇ. ಮದುವೆಯಾದ ಹೊಸದ್ರಲ್ಲಿ, ಯಶವಂತಪುರದ ಬಾಡಿಗೆ ಮನೇಲಿದ್ದಾಗಿಂದ ಅಲ್ಲೇ ಬಿಡ್ತಿದೀಯ" ಎಂದರು.

ಪುಟ್ಟಲಕ್ಷ್ಮಿ ಒಳಗೆ ಹೋದಳು. ಹುರುಳಿಕಾಯಿ ಮುರಿಯುವ ಸದ್ದು ಮತ್ತೆ ಬಂತು, ಹಾಡೂ ಬಂತು. ಸಾಲಿನ ಕೊನೆಯಲ್ಲಿ ಅವಳು ಉಸಿರು ಬಿಟ್ಟದ್ದು ಆವತ್ತು ನನಗೂ ಕೇಳಿಸಿತು.